ಸೊಂಡಿಲಮ್ಮನ ರಕ್ತ

ನನ್ನ ಅತ್ತಿಗೆಗೆ ಸೊಂಡಿಲಮ್ಮ ಎಂದು ಹೆಸರಿಟ್ಟವರು ಮಕ್ಕಳು. ಮಕ್ಕಳ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಅವರು ಇಪ್ಪತ್ತೆರಡು ವರ್ಷ ಸಹಾಯಕಿಯಾಗಿದ್ದರು. ಹಲ್ಲು ಕೀಳುವ ಮೊದಲು ಮಗುವಿನ ಹೆದರಿಕೆ ಇಳಿಯಲಿ ಎಂದು ಅಲ್ಲಿ ನಗೆ ಅನಿಲ ಕೊಡುತ್ತಾರೆ. ನೈಟ್ರಸ್ ಆಕ್ಸೈಡ್ ಎಂಬುದು ಅದರ ಪುಸ್ತಕದ ಹೆಸರು. ಆಸ್ಪತ್ರೆಯಲ್ಲಿ ಎಲ್ಲರೂ ಬರೀ ಗ್ಯಾಸ್ ಅನ್ನುತ್ತಾರೆ. ಅದು ಸಿಲಿಂಡರಿನಿಂದ ಹೊರಟು, ಆಮ್ಲಜನಕದ ಜೊತೆ ಬೆರೆತು, ಸುಕ್ಕುಸುಕ್ಕಾದ ಬೂದು ಕೊಳವೆಯಲ್ಲಿ ಹರಿದು, ಮೂಗಿನ ಮೇಲೆ ಕೂರುವ ರಬ್ಬರ್ ಬಟ್ಟಲಿಗೆ ಬರುತ್ತದೆ. ಆ ಕೊಳವೆ ಮಕ್ಕಳ ಕಣ್ಣಿಗೆ ಆನೆಯ ಸೊಂಡಿಲು. ಅದನ್ನು ಹಿಡಿದು ಬರುವವರು ಸೊಂಡಿಲಮ್ಮ.

ಅತ್ತಿಗೆ ಅಲ್ಲಿ ಸೇರಿದ್ದು ನೆಲ ಒರೆಸುವ ಕೆಲಸಕ್ಕೆ. ಸೇರಿದ ಎರಡನೇ ತಿಂಗಳು ಒಂದು ಹುಡುಗಿ ಡಾಕ್ಟರರ ಬೆರಳು ಕಚ್ಚಿ, ಕುರ್ಚಿಯಡಿ ನುಗ್ಗಿ ಕೂತಳಂತೆ. ಅವಳಮ್ಮ ಗೋಗರೆದಳು, ಡಾಕ್ಟರು ಬೆದರಿಸಿದರು, ಏನೂ ನಡೆಯಲಿಲ್ಲ. ಅತ್ತಿಗೆ ಒರೆಸುವ ಬಟ್ಟೆ ಪಕ್ಕಕ್ಕಿಟ್ಟು ತಾವೂ ಕುರ್ಚಿಯಡಿ ತೂರಿ ಅವಳ ಪಕ್ಕ ಮಲಗಿಕೊಂಡರು. ಏನು ಮಾತಾಡಿದರೋ ಯಾರಿಗೂ ಕೇಳಿಸಲಿಲ್ಲ. ಹತ್ತು ನಿಮಿಷಕ್ಕೆ ಹುಡುಗಿ ತಾನಾಗಿ ಹತ್ತಿ ಕುರ್ಚಿಯ ಮೇಲೆ ಕೂತು ಬಾಯಿ ತೆರೆದಳು. ಮರುದಿನದಿಂದ ನೆಲ ಒರೆಸಲು ಬೇರೆಯವರು ಬಂದರು.

ನಾನು ಅವರ ನಾದಿನಿ. ಆ ಆಸ್ಪತ್ರೆಯಿಂದ ಎರಡು ಬೀದಿ ಆಚೆ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ನಮ್ಮ ಮನೆ ಒಂದೇ: ಕೆಳಗೆ ಅಣ್ಣನ ಬೀಗ ರಿಪೇರಿ ಅಂಗಡಿ, ಮೇಲೆ ನಾವು ಮೂವರು. ಅಣ್ಣ ಬೀಗ ತೆರೆಯುವುದರಲ್ಲಿ ಎಷ್ಟು ಜಾಣನೋ ಬಾಯಿ ತೆರೆಯುವುದರಲ್ಲಿ ಅಷ್ಟೇ ಜಿಪುಣ. ಮನೆಯ ಮಾತೆಲ್ಲ ಅತ್ತಿಗೆಯದು ಮತ್ತು ನನ್ನದು. ಒಂದು ವಿಷಯದಲ್ಲಿ ಮಾತ್ರ ನಾನು ಅವರ ಕೈಗೆ ಜುಟ್ಟು ಕೊಟ್ಟಿದ್ದೆ: ಹಲ್ಲಿನ ಡಾಕ್ಟರೆಂದರೆ ನನಗೆ ಪ್ರಾಣಭಯ. ಇಪ್ಪತ್ತೆರಡು ವರ್ಷದಲ್ಲಿ ಅತ್ತಿಗೆಗೆ ಊಟದ ಡಬ್ಬಿ ಕೊಡಲು ನೂರು ಸಲ ಹೋಗಿದ್ದೇನೆ. ಕಾಯುವ ಕೋಣೆಯ ಬೆಂಚು ದಾಟಿ ಒಳಗೆ ಕಾಲಿಟ್ಟವಳಲ್ಲ.

"ಊರವರ ರಕ್ತ ಎಲ್ಲ ಹೀರ್ತೀಯ, ನಿನ್ನ ಒಂದು ಹಲ್ಲು ತೋರ್ಸೋಕೆ ನಡುಗ್ತೀಯಲ್ಲೇ!" ಎಂದು ಅತ್ತಿಗೆ ನಗುತ್ತಿದ್ದರು. ಒಳಗಿನ ಕೋಣೆಯಲ್ಲಿ ಅವರು ಏನು ಮಾಡುತ್ತಾರೆ ಎಂದು ನಾನು ಕೇಳಲೂ ಇಲ್ಲ. ಕೇಳಿದ್ದರೆ ಈ ಕಥೆ ಇಷ್ಟು ಉದ್ದ ಆಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅತ್ತಿಗೆ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲತೊಡಗಿದರು. ಇರುವುದು ಹದಿನಾಲ್ಕೇ ಮೆಟ್ಟಿಲು. ಏಳನೆಯದರಲ್ಲಿ ಗೋಡೆ ಹಿಡಿದು, "ಈ ಗೋಡೆಗೆ ಸುಣ್ಣ ಹೊಡೆಸ್ಬೇಕು" ಅನ್ನುವರು. ಮೂರು ದಿನ ಅದೇ ಗೋಡೆಗೆ ಅದೇ ಸುಣ್ಣದ ಮಾತು ಬಂದಾಗ ಇದು ಉಸಿರು ತೆಗೆದುಕೊಳ್ಳುವ ನೆಪ ಎಂದು ಗೊತ್ತಾಯಿತು. ಮುಖ ಬಿಳಿಚಿತ್ತು. ಬೆರಳ ತುದಿಯಲ್ಲಿ ಇರುವೆ ಹರಿದಂತಾಗುತ್ತದೆ ಎಂದೂ ಹೇಳಿದರು. ನಾನೇ ರಕ್ತ ತೆಗೆದೆ.

ಸ್ಲೈಡಿಗೆ ಬಣ್ಣ ಹಾಕಿ, ಒಣಗಿಸಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದೆ. ಕೆಂಪು ಕಣಗಳು ಇರಬೇಕಾದ್ದಕ್ಕಿಂತ ದಪ್ಪ, ಲೆಕ್ಕದಲ್ಲಿ ಕಡಿಮೆ. ಬಿಳಿ ಕಣದ ನಡುವಿನ ಬೀಜದಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಹಾಲೆಗಳಿರುತ್ತವೆ, ಇಲ್ಲಿ ಆರು. ಇಂಥದನ್ನು ಕಂಡರೆ ನಮ್ಮಲ್ಲಿ ಹೊಸದಾಗಿ ಸೇರಿದವರೂ ಹೇಳುತ್ತಾರೆ, ಬಿ-12 ಎಂಬ ವಿಟಮಿನ್ ಸಾಲದು, ಇಲ್ಲವೇ ಫೋಲಿಕ್ ಆಮ್ಲ ಸಾಲದು. ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತಕಣ ಹುಟ್ಟಿ ಬಲಿಯಬೇಕಾದರೆ ಇವೆರಡೂ ಬೇಕು. ಇಲ್ಲದಿದ್ದರೆ ಕಣಗಳು ಊದಿಕೊಂಡು, ಅರೆಬಲಿತು, ಹೆಚ್ಚಿನವು ಮಜ್ಜೆಯಲ್ಲೇ ಸತ್ತುಹೋಗುತ್ತವೆ. ಬಿ-12 ನೋಡಿದೆ. ಸರಿಯಾಗಿಯೇ ಇತ್ತು. ನಂಬಿಕೆ ಬಾರದೆ ಇನ್ನೆರಡು ಸಲ ಯಂತ್ರಕ್ಕೆ ಹಾಕಿದೆ, ಮೂರು ಸಲವೂ ಸರಿ. ಮೊಟ್ಟೆ, ಹಾಲು, ಮೀನು ಯಾವುದನ್ನೂ ಬಿಡದವರಿಗೆ ಕಡಿಮೆಯಾದರೂ ಯಾಕೆ ಆಗಬೇಕು? ಫೋಲಿಕ್ ಆಮ್ಲ ಮಾತ್ರ ಕೆಳಗಿನ ಅಂಚಿನಲ್ಲಿತ್ತು. ಸಿಕ್ಕಿಬಿತ್ತು ಕಳ್ಳ ಎಂದುಕೊಂಡೆ.

ಆವತ್ತೇ ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕಿತ್ತು. ಆದರೆ ಇಪ್ಪತ್ತು ವರ್ಷ ಡಾಕ್ಟರರ ಚೀಟಿ ಓದಿ ಓದಿ ನನಗೆ ಅವರ ಬುದ್ಧಿಯೂ ಬಂದುಬಿಟ್ಟಿದೆ ಎಂಬ ಭ್ರಮೆ. ಅಲ್ಪವಿದ್ಯಾ ಮಹಾಗರ್ವಿ ಎಂದು ಸುಮ್ಮನೆ ಹೇಳುತ್ತಾರೆಯೇ? ದಿನಕ್ಕೊಂದು ಫೋಲಿಕ್ ಆಮ್ಲದ ಮಾತ್ರೆ ನಾನೇ ತಂದು ಕೊಟ್ಟೆ. ಬೆಳಿಗ್ಗೆ ನೀರಿನ ಲೋಟದ ಪಕ್ಕ ಇಟ್ಟು, ನುಂಗುವ ತನಕ ನಿಂತು ನೋಡುತ್ತಿದ್ದೆ.

ಆರು ವಾರಕ್ಕೆ ಹಿಮೋಗ್ಲೋಬಿನ್ ಎಂಟೂವರೆಯಿಂದ ಹನ್ನೊಂದಕ್ಕೆ ಏರಿತು. ಅತ್ತಿಗೆ ಮೆಟ್ಟಿಲಲ್ಲಿ ನಿಲ್ಲುವುದು ಬಿಟ್ಟರು. ನನ್ನ ಹೆಮ್ಮೆಗೆ ಮಿತಿಯೇ ಇರಲಿಲ್ಲ. ಅಣ್ಣನಿಗೆ ರಿಪೋರ್ಟು ತೋರಿಸಿ, "ನೋಡು, ಡಾಕ್ಟ್ರಿಗಿಂತ ನಾನೇನು ಕಮ್ಮಿ?" ಎಂದೆ. ಅವನು ಕನ್ನಡಕ ಏರಿಸಿ ಅಂಕಿ ನೋಡಿ, "ಹೂಂ" ಎಂದ.

ಆಮೇಲೆ ಶುರುವಾದದ್ದು ಯಾರಿಗೂ ಅರ್ಥವಾಗಲಿಲ್ಲ. ಒಂದು ದಿನ ಅತ್ತಿಗೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ಇನ್ನೊಂದು ಎಲ್ಲಿ ಎಂದರೆ ಕಾಲು ನೋಡಿಕೊಂಡು ತಬ್ಬಿಬ್ಬಾದರು. ಯಾವ ಬೀದಿಯಲ್ಲಿ ಕಳಚಿತೋ, ಬರಿಗಾಲಲ್ಲಿ ಎಷ್ಟು ದೂರ ನಡೆದರೋ, ಅವರಿಗೇ ತಿಳಿಯದು. ಮತ್ತೊಂದು ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ದೇ ತಡ, ಬಚ್ಚಲಲ್ಲಿ ಹಾಗೇ ಪಕ್ಕಕ್ಕೆ ವಾಲಿ ಬಿದ್ದರು. ನೆಲ ಜಾರುತ್ತಿರಲಿಲ್ಲ. ಕಣ್ಣು ತೆರೆದಿದ್ದರೆ ನಿಲ್ಲುತ್ತಾರೆ, ಮುಚ್ಚಿದರೆ ಬೀಳುತ್ತಾರೆ, ಇದೆಂಥ ಕಾಯಿಲೆ?

ಇನ್ನೂ ವಿಚಿತ್ರವಾದದ್ದು ಕರೆಂಟಿನ ಕಥೆ. ಅತ್ತಿಗೆ ತರಕಾರಿ ಹೆಚ್ಚಲು ತಲೆ ಬಗ್ಗಿಸಿದವರು, "ಅಯ್ಯೋ, ಶಾಕ್ ಹೊಡೀತು!" ಎಂದು ಚಾಕು ಬಿಟ್ಟರು. ಅಣ್ಣ ಮಾತಾಡದೆ ಮೇನ್ ಸ್ವಿಚ್ ಆರಿಸಿದ. ಮನೆಯ ಒಂದೊಂದೇ ಸ್ವಿಚ್ ಬಿಚ್ಚಿ ಟೆಸ್ಟರ್ ಹಿಡಿದು ನೋಡಿದ, ಅಡುಗೆಮನೆಯ ತಂತಿಯನ್ನೆಲ್ಲ ಹೊಸದು ಮಾಡಿದ. ಮರುದಿನ ಅತ್ತಿಗೆ ಬೀದಿ ನಡುವೆ ತಲೆ ಬಗ್ಗಿಸಿದಾಗಲೂ ಶಾಕ್ ಹೊಡೆಯಿತು. ಕತ್ತಿನಿಂದ ಬೆನ್ನಗುಂಟ ಕಾಲಿನ ತನಕ. "ಬೀದೀಲಿ ಯಾವ ತಂತಿ ಬದಲಾಯಿಸ್ಲಿ?" ಎಂದು ಅಣ್ಣ ಕೇಳಿದ. ಅದು ತಮಾಷೆಯಲ್ಲ, ಅವನು ನಿಜವಾಗಿಯೂ ಕೇಳಿದ್ದು.

ಸಕ್ಕರೆ ಕಾಯಿಲೆ ಇರಬಹುದೆಂದು ನೋಡಿಸಿದೆವು, ಇರಲಿಲ್ಲ. ಕನ್ನಡಕ ಬದಲಾಯಿಸಿದೆವು. ಬೆನ್ನಿನ ಎಕ್ಸ್-ರೇ ತೆಗೆಸಿದೆವು. ವಯಸ್ಸಿಗೆ ತಕ್ಕ ಸವೆತ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಒಂದಾದ ಮೇಲೊಂದು ಬರೆ. ಪ್ರತಿ ಸಲ ಅತ್ತಿಗೆ ನನ್ನ ಮುಖ ನೋಡಿ ಕೇಳುತ್ತಿದ್ದರು, "ರಕ್ತ ಹೇಗಿದೆಯೇ?"

"ರಕ್ತ ಚೆನ್ನಾಗಿದೆ ಅತ್ತಿಗೆ. ರಕ್ತದ್ದೇನೂ ಅಲ್ಲ. ನೀವು ಕೆಲ್ಸ ಸ್ವಲ್ಪ ಕಮ್ಮಿ ಮಾಡಿ."

"ಹಾಗಾದ್ರೆ ನನ್ ಕಾಲು ಯಾಕೆ ನನ್ ಕಾಲಿನ ಹಾಗಿಲ್ಲ?"

ಉತ್ತರ ಇಲ್ಲದಾಗ ನಾನು ಸಿಡುಕುತ್ತೇನೆ. "ರಿಪೋರ್ಟ್ ಸುಳ್ಳು ಹೇಳಲ್ಲ, ಮನಸ್ಸಿಗೆ ಹಚ್ಕೋಬೇಡಿ" ಎಂದು ಗದರಿದೆ. ಹೀಗೆ ಎಂಟು ತಿಂಗಳು ಹೋದವು.

ಎಂಟನೆಯ ತಿಂಗಳಲ್ಲಿ ತೋಳಿನ ಮೇಲೆ ನೀಲಿ ಕಲೆಗಳು ಕಂಡವು, ಎಲ್ಲೂ ತಾಗಿಸಿಕೊಳ್ಳದೆ. ಮತ್ತೆ ರಕ್ತ ತೆಗೆದು ನೋಡಿದೆ. ಕೆಂಪು ಕಣ ಮತ್ತೆ ಇಳಿದಿತ್ತು. ಅದರ ಜೊತೆಗೆ ಬಿಳಿ ಕಣ ಅರ್ಧಕ್ಕೆ ಇಳಿದಿತ್ತು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟುಗಳೂ ಇಳಿದಿದ್ದವು. ಮೂರೂ ಒಟ್ಟಿಗೆ ಇಳಿದರೆ ತೊಂದರೆ ಅವು ಹುಟ್ಟುವ ಜಾಗದಲ್ಲೇ ಎಂದು ಅರ್ಥ. ಈಗ ನನ್ನ ಡಾಕ್ಟರ್‌ಗಿರಿ ಮುಗಿಯಿತು. ದೊಡ್ಡಾಸ್ಪತ್ರೆಯ ರಕ್ತದ ಡಾಕ್ಟರ ಹತ್ತಿರ ಓಡಿದೆವು.

ಅವರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು, ಪ್ರತಿ ಉತ್ತರವನ್ನೂ ಪೆನ್ಸಿಲಿನಲ್ಲಿ ಬರೆದುಕೊಳ್ಳುವವರು. ಅತ್ತಿಗೆಯ ಕೆಲಸ ಹಲ್ಲಿನ ಆಸ್ಪತ್ರೆಯಲ್ಲಿ ಎಂದು ತಿಳಿದ ಕೂಡಲೇ ಕೇಳಿದರು, "ಎಕ್ಸ್-ರೇ ನೀವೇ ತೆಗೀತೀರಾ?"

"ಇಲ್ಲ ಸಾರ್, ಅದು ಬೇರೆ ಕೋಣೆ, ಬೇರೆಯವ್ರು."

"ಈಚೆಗೆ ಯಾವ್ದಾದ್ರೂ ಆಪರೇಷನ್? ಮಂಪರು ಬರೋ ಗ್ಯಾಸ್ ಏನಾದ್ರೂ ಕೊಟ್ಟಿದ್ರಾ?"

"ಇಲ್ಲಪ್ಪ. ಇಷ್ಟು ವಯಸ್ಸಿಗೆ ನಂಗ್ಯಾರೂ ಗ್ಯಾಸ್ ಕೊಟ್ಟಿಲ್ಲ."

ಅತ್ತಿಗೆ ಸುಳ್ಳು ಹೇಳಲಿಲ್ಲ. ಅವರಿಗೆ ಯಾರೂ ಕೊಟ್ಟಿರಲಿಲ್ಲ. ಡಾಕ್ಟರು 'ಇಲ್ಲ' ಎಂದು ಬರೆದುಕೊಂಡು, ಹಳೆಯ ಸ್ಲೈಡುಗಳಿದ್ದರೆ ತನ್ನಿ ಎಂದರು. ನಾನು ಲ್ಯಾಬಿಗೆ ಓಡಿದೆ. ಸ್ಲೈಡಿನ ಪೆಟ್ಟಿಗೆ ಹಿಡಿದು ವಾಪಸು ಬರುವಷ್ಟರಲ್ಲಿ ಪ್ರಶ್ನೆಗಳೆಲ್ಲ ಮುಗಿದು, ಅತ್ತಿಗೆಯನ್ನು ಮಜ್ಜೆ ತೆಗೆಯುವ ಕೋಣೆಗೆ ಕರೆದೊಯ್ದಿದ್ದರು. ಸೊಂಟದ ಹಿಂಭಾಗದ ಮೂಳೆಗೆ ದಪ್ಪ ಸೂಜಿ ಇಳಿಸಿ ಒಳಗಿನ ಮಜ್ಜೆ ಹೀರುತ್ತಾರೆ. ಹೊರಗೆ ಬಂದ ಅತ್ತಿಗೆ, "ಹಲ್ಲು ಕೀಳೋದು ಇದ್ರ ಮುಂದೆ ಏನೇನೂ ಅಲ್ಲ, ನೀನು ಧೈರ್ಯವಾಗಿ ಬರ್ಬಹುದು" ಎಂದು ನನಗೇ ಹೇಳಿದರು.

ನಾಲ್ಕು ದಿನದ ನಂತರ ಡಾಕ್ಟರು ಕೊಟ್ಟ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಮಜ್ಜೆ ತುಂಬ ಕಣಗಳಿವೆ, ಆದರೆ ಎಲ್ಲವೂ ಊದಿಕೊಂಡ ಅರೆಬಲಿತ ಕಣಗಳು. ಬಿ-12 ಇಲ್ಲದವರ ಮಜ್ಜೆ ಹೀಗೇ ಇರುತ್ತದೆ, ಇವರಿಗೆ ಅದು ಇದೆ. ಮುಂದೆ ರಕ್ತದ ಕ್ಯಾನ್ಸರಿಗೆ ತಿರುಗುವ ಒಂದು ಕಾಯಿಲೆಯಲ್ಲೂ ಹೀಗೆ ಕಾಣಬಹುದು. ಕಣಗಳ ವಂಶವಾಹಿ ಪರೀಕ್ಷೆಗೆ ಕಳಿಸಿದ್ದೇನೆ, ಮೂರು ವಾರ ಕಾಯಬೇಕು. ಅಣ್ಣ ಜೀವನದಲ್ಲಿ ಮೊದಲ ಸಲ ಡಾಕ್ಟರೊಬ್ಬರಿಗೆ ಪ್ರಶ್ನೆ ಕೇಳಿದ: "ಉಳೀತಾಳಾ ಸಾರ್?" ಡಾಕ್ಟರು ಪೆನ್ಸಿಲ್ ಕೆಳಗಿಟ್ಟು, "ಗೊತ್ತಿಲ್ಲಪ್ಪ, ನಂಗೂ ಗೊಂದಲ ಇದೆ" ಎಂದರು.

ಆ ಮೂರು ವಾರ ಹೇಗೆ ಕಳೆದೆವೋ ದೇವರಿಗೇ ಗೊತ್ತು. ಮನೆಯಲ್ಲಿ ಕೂರಿ ಎಂದರೆ ಅತ್ತಿಗೆ ಕೇಳಲಿಲ್ಲ. "ಮನೇಲಿ ಕೂತ್ರೆ ನಿಮ್ಮಿಬ್ರ ಮುಖ ನೋಡ್ಬೇಕು. ಅಲ್ಲಾದ್ರೆ ಮಕ್ಕಳ ಮುಖ" ಎಂದು ಗೋಡೆ ಹಿಡಿದುಕೊಂಡು ಕೆಲಸಕ್ಕೆ ಹೋದರು. ಆ ನಡುವೆ ನನ್ನ ದವಡೆ ಹಲ್ಲು ಕೈಕೊಟ್ಟಿತು. ನಾಲ್ಕು ದಿನ ಅದುಮಿಕೊಂಡೆ. ಐದನೆಯ ದಿನ ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಯಿತು. ಅತ್ತಿಗೆ ನನ್ನ ಕೈ ಹಿಡಿದು, ಅಂದರೆ ನನ್ನನ್ನೇ ಊರುಗೋಲು ಮಾಡಿಕೊಂಡು, ತಮ್ಮ ಆಸ್ಪತ್ರೆಗೆ ಕರೆದೊಯ್ದರು. ಮಕ್ಕಳ ಡಾಕ್ಟರಾದರೂ ಸಹಾಯಕಿಯ ನಾದಿನಿ ಎಂದು ಅವರು ಒಪ್ಪಿದರು.

ಹೀಗೆ ಮೊದಲ ಸಲ ನಾನು ಆ ಒಳಗಿನ ಕೋಣೆ ನೋಡಿದೆ. ಚಿಕ್ಕ ಕೋಣೆ. ಹೊರಗಿನ ಮಕ್ಕಳಿಗೆ ಅಳು ಕೇಳಿಸಬಾರದೆಂದು ಬಾಗಿಲಿಗೆ ಸುತ್ತ ರಬ್ಬರ್ ಪಟ್ಟಿ, ಕಿಟಕಿ ಭದ್ರ. ಕುರ್ಚಿಯ ಹಿಂದೆ ಮೊಳೆಗೆ ಒಂದು ದಪ್ಪ ಕೊಳವೆ ಸುತ್ತಿ ನೇತುಹಾಕಿತ್ತು, ಅದರ ಮೇಲೆ ಧೂಳು. ಭಯ ಮುಚ್ಚಿಕೊಳ್ಳಲು ಅದೇನು ಎಂದು ಕೇಳಿದೆ.

"ಬಿಟ್ಟ ಉಸಿರಿನ ಗ್ಯಾಸನ್ನ ಹೊರಗೆ ಎಳೆಯೋ ಮೆಷಿನ್ದು" ಎಂದರು ಅತ್ತಿಗೆ. "ಬುರ್ ಅಂತ ಸದ್ದು ಮಾಡುತ್ತೆ, ಮಕ್ಕಳು ಹೆದರ್ತವೆ. ಅದಕ್ಕೆ ನಾಲ್ಕು ವರ್ಷದಿಂದ ಹಾಕೋದೇ ಬಿಟ್ವಿ."

ಸೊಂಡಿಲು ಬಂತು. ನಾನು ಬೇಡ ಎಂದು ಮುಖ ತಿರುಗಿಸಿದೆ. ಐವತ್ತರ ಹತ್ತಿರದ ಹೆಂಗಸು, ಎಂಟು ವರ್ಷದ ಮಗುವಿನಂತೆ ಕುರ್ಚಿಯ ತೋಳು ಹಿಡಿದು ಕೂತಿದ್ದೆ. ಅತ್ತಿಗೆ ನಕ್ಕರು. ಆ ರಬ್ಬರ್ ಬಟ್ಟಲನ್ನು ಮೊದಲು ತಮ್ಮ ಮೂಗಿಗೆ ಇಟ್ಟುಕೊಂಡು ಕಣ್ಣರಳಿಸಿ ಒಂದು, ಎರಡು, ಮೂರು, ನಾಲ್ಕು ಸಲ ಉದ್ದಕ್ಕೆ ಉಸಿರೆಳೆದರು. "ನೋಡು, ಏನಾಯ್ತು ನಂಗೆ? ಈಗ ನಿನ್ ಸರದಿ" ಎಂದು ಒರೆಸಿ ನನ್ನ ಮೂಗಿಗೆ ಇಟ್ಟರು. ಇಪ್ಪತ್ತೆರಡು ವರ್ಷ ಮಕ್ಕಳನ್ನು ಗೆದ್ದ ಉಪಾಯ ಇದೇ.

ಬೆರಳ ತುದಿ ಬೆಚ್ಚಗಾಯಿತು. ಡಾಕ್ಟರ ಮೂಗಿನ ಮೇಲಿನ ಮಚ್ಚೆ ನೋಡಿ ನನಗೆ ತಡೆಯಲಾರದ ನಗು ಬಂತು. ಆ ನಗುವಿನ ನಡುವೆ ನನಗೆ ಎಲ್ಲ ಅರ್ಥವಾಗಿಬಿಟ್ಟಿತು. ಎಲ್ಲ ಎಂದರೆ ಎಲ್ಲ: ಒಂಟಿ ಚಪ್ಪಲಿ, ಬಚ್ಚಲಲ್ಲಿ ಬಿದ್ದದ್ದು, ಆರು ಹಾಲೆಯ ಬಿಳಿ ಕಣ, ರಕ್ತದ ಡಾಕ್ಟರು ಕೇಳಿದ ಪ್ರಶ್ನೆ, ಒಂದರ ಪಕ್ಕ ಒಂದು ಬಂದು ಕೂತವು. ಎಷ್ಟು ಸುಲಭ, ಇದನ್ನು ಈಗಲೇ ಹೇಳಬೇಕು ಎಂದುಕೊಂಡೆ. ಬಾಯಲ್ಲಿ ಹತ್ತಿ, ಇಕ್ಕಳ, ಡಾಕ್ಟರ ಎರಡು ಬೆರಳು. ಹಲ್ಲು ಬಂತು. ಐದು ನಿಮಿಷ ಬರೀ ಆಮ್ಲಜನಕ ಕೊಟ್ಟರು. ಮಬ್ಬು ಇಳಿಯಿತು, ಅದರ ಜೊತೆಗೆ ಅರ್ಥವಾದದ್ದೂ ಇಳಿದುಹೋಯಿತು. ಏನೋ ಬಹಳ ದೊಡ್ಡದು ತಿಳಿದಿತ್ತು ಎಂಬುದಷ್ಟೇ ನೆನಪು. ಏನೆಂದು ಮಾತ್ರ ಹೊಳೆಯದು. ಇಡೀ ಮಧ್ಯಾಹ್ನ ಕೆನ್ನೆ ಹಿಡಿದು ಲ್ಯಾಬಿನಲ್ಲಿ ಅತ್ತಿಂದಿತ್ತ ಓಡಾಡಿದೆ. ತಲೆ ಕೆಟ್ಟು ಮೊಸರಾಯಿತೇ ಹೊರತು ಏನೂ ನೆನಪಾಗಲಿಲ್ಲ.

ಸಂಜೆ ಚಹಾ ಹೊತ್ತಿಗೆ ಅತ್ತಿಗೆ ಅಣ್ಣನ ಮುಂದೆ ನನ್ನ ಮಾನ ಕಳೆಯಲು ಕೂತರು. "ನಿಮ್ ತಂಗಿ ಗ್ಯಾಸಲ್ಲಿ ಏನೇನು ಬಡಬಡಿಸಿದ್ಳು ಗೊತ್ತಾ? ಹತ್ತಿ ಇಟ್ಕೊಂಡೇ, 'ಮೊದ್ಲು ನೀವೇ ತಗೊಂಡ್ರಿ, ಮೊದ್ಲು ನೀವೇ ತಗೊಂಡ್ರಿ' ಅಂತ ಹತ್ತು ಸಲ! ಏನೋ ನಾನು ಅವಳ ಪಾಲಿನ ಸಿಹಿ ತಿಂದೆ ಅನ್ನೋ ಹಾಗೆ."

ನಾನು ಚಹಾ ಲೋಟ ಕೆಳಗಿಟ್ಟೆ. ಹೋದದ್ದು ಪೂರ್ತಿ ವಾಪಸು ಬಂದಿತ್ತು.

"ಅತ್ತಿಗೆ, ದಿನಕ್ಕೆ ಎಷ್ಟು ಮಕ್ಕಳು?"

"ಎಂಟೋ ಹತ್ತೋ. ಯಾಕೆ?"

"ಎಲ್ರಿಗೂ ಹೀಗೇನಾ? ಮೊದ್ಲು ನೀವು?"

"ಹೂಂ ಮತ್ತೆ. ಹಟಮಾರಿ ಆದ್ರೆ ಹತ್ತು ಉಸಿರು. ತಾನು ಕುಡೀದಿದ್ದನ್ನ ಮಗುವಿಗೆ ಹೇಗೆ ಕೊಡ್ತಾರೆ?"

ನಾನು ಅಲ್ಲಿಂದಲೇ ರಕ್ತದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ನಾಳೆ ಬೆಳಿಗ್ಗೆ ಮೊದ್ಲು ಅವ್ರನ್ನ ಕರ್ಕೊಂಡ್ ಬನ್ನಿ. ಆ ಕೋಣೆಗೆ ಇನ್ನೊಂದ್ಸಲ ಕಾಲಿಡೋದು ಬೇಡ" ಎಂದರು.

ಬೆಳಿಗ್ಗೆ ಮೂವರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಬಿ-12ರ ನಡುವೆ ಒಂದು ಲೋಹದ ಪರಮಾಣು ಇರುತ್ತದೆ. ಈ ಗ್ಯಾಸ್ ಅದನ್ನು ಕೆಡಿಸುತ್ತದೆ. ಆಮೇಲೆ ವಿಟಮಿನ್ ರಕ್ತದಲ್ಲಿ ಇರುತ್ತದೆ, ಕೆಲಸ ಮಾಡುವುದಿಲ್ಲ. ನರಗಳಿಗೂ ಬೇಕಾದ ವಿಟಮಿನ್ ಅದು: ಕಾಲಿನ ಅರಿವು ಹೋಗಿ ಕಣ್ಣು ಮುಚ್ಚಿದರೆ ಬೀಳುವುದು, ಬೆನ್ನಗುಂಟ ಶಾಕ್ ಹೊಡೆಯುವುದು ಎಲ್ಲ ಅದರಿಂದಲೇ. ಲ್ಯಾಬಿನ ಯಂತ್ರ ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತದೆ, ಕೆಲಸ ಮಾಡುತ್ತದೆಯೇ ಎಂದು ನೋಡುವುದಿಲ್ಲ. ನನಗೆ ಸಿಟ್ಟು ಬಂತು. ಯಂತ್ರದ ಮೇಲೋ ನನ್ನ ಮೇಲೋ ಗೊತ್ತಿಲ್ಲ.

ಅಣ್ಣ ನಿಧಾನಕ್ಕೆ ಹೇಳಿದ, "ಗೊಂಚಲಲ್ಲಿ ಬೀಗದಕೈ ಇದೆ, ಎಣಿಸಿದ್ರೆ ಲೆಕ್ಕ ಸರಿ. ಆದ್ರೆ ಸವೆದು ಹೋಗಿದೆ, ತಿರುಗಲ್ಲ."

"ಅಷ್ಟೇ ಕಣಪ್ಪ" ಎಂದರು ಡಾಕ್ಟರು.

ಅತ್ತಿಗೆ ಕೇಳಿದ್ದು ಬೇರೆಯೇ. ಅವರ ಮುಖ ಸುಣ್ಣದಂತಾಗಿತ್ತು. "ಸಾರ್, ಹಾಗಾದ್ರೆ ಆ ಮಕ್ಕಳು? ಇಪ್ಪತ್ತೆರಡು ವರ್ಷ ನನ್ ಕೈಯಾರೆ ಕೊಟ್ಟಿದ್ದೀನಿ."

"ಆರೋಗ್ಯವಾಗಿರೋ ಮಗು, ಯಾವಾಗ್ಲೋ ಒಂದ್ಸಲ, ಅರ್ಧ ಗಂಟೆ ತಗೊಂಡ್ರೆ ಮೈ ತಾನೇ ಸರಿಮಾಡ್ಕೊಳ್ಳುತ್ತೆ ಅಮ್ಮ. ಮೊದ್ಲೇ ಬಿ-12 ಕಮ್ಮಿ ಇರೋರಿಗೆ ಎಚ್ಚರ ಬೇಕು, ಅಷ್ಟೇ. ನಿಮ್ಮ ಹಾಗೆ ದಿನಾ, ಅದೂ ಮುಚ್ಚಿದ ಕೋಣೇಲಿ ಯಾರೂ ತಗೊಂಡಿಲ್ಲ."

ಅತ್ತಿಗೆ ಆಗ ಅತ್ತರು. ಕ್ಯಾನ್ಸರ್ ಇರಬಹುದು ಎಂದಾಗ ಅಳದವರು ಅವರು.

ಡಾಕ್ಟರು ಕಾಗದ ತಿರುಗಿಸುತ್ತ ಇನ್ನೊಂದು ಮಾತು ಹೇಳಿದರು. "ಮಧ್ಯೆ ರಕ್ತ ಏರಿದ್ದು ಯಾಕೆ ಅಂತ್ಲೂ ಈಗ ಅರ್ಥ ಆಯ್ತು. ಫೋಲಿಕ್ ಆಸಿಡ್ ಮಾತ್ರೆ. ಅದು ಮಜ್ಜೇನ ಸ್ವಲ್ಪ ದಿನ ದೂಡುತ್ತೆ, ನರಕ್ಕೆ ಏನೂ ಮಾಡಲ್ಲ. ರಕ್ತ ಚೆನ್ನಾಗಿ ಕಾಣ್ತಾ ಇತ್ತು, ಒಳಗೆ ನರ ಹಾಳಾಗ್ತಾ ಇತ್ತು. ಆ ಎಂಟು ತಿಂಗಳು ಹೋಗದೆ ಇದ್ದಿದ್ರೆ ಕೈಕಾಲು ಪೂರ್ತಿ ಬರ್ತಿತ್ತು. ಈಗ ಎಷ್ಟು ಬರುತ್ತೋ ಹೇಳಲಾರೆ."

ಮಾತ್ರೆಯ ವಿಷಯ ಇವರಿಗೆ ಹೇಗೆ ಗೊತ್ತಾಯಿತು? ಗೊತ್ತಾದ ಮೇಲೆ ಕೊಟ್ಟವರು ಯಾರು ಎಂದು ಯಾಕೆ ಕೇಳಲಿಲ್ಲ? ಎರಡೂ ತಿಳಿಯಲಿಲ್ಲ. ಅಣ್ಣ ಎದುರಿನ ಗೋಡೆ ನೋಡುತ್ತಿದ್ದ. ನಾನು ಬಾಯಿ ಬಿಡಲಿಲ್ಲ.

ಬಿ-12 ಇಂಜೆಕ್ಷನ್ ಆವತ್ತೇ ಶುರುವಾಯಿತು. ಒಂದು ವಾರದಲ್ಲಿ ಹೊಸ ಕೆಂಪು ಕಣಗಳು ಹೊರಬಿದ್ದವು, ಆರು ವಾರಕ್ಕೆ ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲ ತಮ್ಮ ಜಾಗಕ್ಕೆ ಬಂದವು. ಆ ನಡುವೆ ವಂಶವಾಹಿ ಪರೀಕ್ಷೆಯ ಉತ್ತರವೂ ಬಂತು: ಕ್ಯಾನ್ಸರಿನ ಕುರುಹಿಲ್ಲ. ಹಲ್ಲಿನ ಡಾಕ್ಟರು ಬಂದು ಅತ್ತಿಗೆಯ ಮುಂದೆ ತಲೆ ತಗ್ಗಿಸಿ ಕೂತರು. ಆ ಡಾಕ್ಟರ ರಕ್ತವನ್ನೂ ನೋಡಿದೆ, ಅವರ ಕಣಗಳೂ ಕೊಂಚ ದಪ್ಪವಾಗಿದ್ದವು. ಗ್ಯಾಸ್ ನಿಲ್ಲಿಸಿ, ಹೊಸ ಎಳೆಯುವ ಮೆಷಿನ್ ಹಾಕಿಸಿ, ಕಿಟಕಿ ಒಡೆಸಿ ದೊಡ್ಡದು ಮಾಡಿಸಿದ ಮೇಲೆಯೇ ಮತ್ತೆ ಶುರು ಮಾಡಿದರು. ಶಾಕ್ ಹೊಡೆಯುವುದು ನಿಂತಿತು. ನಾಲ್ಕು ತಿಂಗಳಿಗೆ ಅತ್ತಿಗೆ ಗೋಡೆ ಹಿಡಿಯದೆ ನಡೆದರು. ಪಾದಕ್ಕೆ ಅರ್ಧ ಅರಿವು ಬಂತು. ಬೆರಳ ತುದಿಗಳಿಗೆ ಮಾತ್ರ ಬರಲಿಲ್ಲ. ಬಿಸಿ ತಿಳಿಯದು, ನುಣುಪು ಒರಟು ತಿಳಿಯದು. ಸಣ್ಣ ಸಾಮಾನುಗಳು ಕೈಯಿಂದ ಜಾರುತ್ತವೆ ಎಂದು ಹಲ್ಲಿನ ಡಾಕ್ಟರು ಅವರಿಗೆ ಕಾಯುವ ಕೋಣೆಯಲ್ಲಿ ಮಕ್ಕಳನ್ನು ಮಾತಾಡಿಸುವ ಕೆಲಸ ಕೊಟ್ಟರು. ಈ ಸೋಮವಾರ ಅವರು ಮತ್ತೆ ಕೆಲಸಕ್ಕೆ ಹೊರಟದ್ದು.

ಕೆಲಸದ ಬಿಳಿ ಕೋಟಿನ ಗುಂಡಿ ಅವರಿಗೆ ಹಾಕಿಕೊಳ್ಳಲು ಆಗಲಿಲ್ಲ. ನಾನು ಮುಂದೆ ನಿಂತು ಕೆಳಗಿನಿಂದ ಒಂದೊಂದೇ ಹಾಕತೊಡಗಿದೆ. ನಡುವಿನ ಗುಂಡಿಗೆ ಬಂದಾಗ ನನ್ನಿಂದ ಇನ್ನು ಸಾಧ್ಯವಾಗಲಿಲ್ಲ.

"ಅತ್ತಿಗೆ, ಆ ಮಾತ್ರೆ ಕೊಟ್ಟಿದ್ದು ನಾನು. ನಾನು ಕೊಡದೆ ಇದ್ದಿದ್ರೆ ನಿಮ್ ಬೆರಳು..."

"ಗೊತ್ತು."

"ಡಾಕ್ಟ್ರಿಗೂ ಹೇಳ್ಬೇಕು. ನಾಳೆ ಹೋಗಿ ಹೇಳ್ತೀನಿ."

"ಏನೂ ಹೇಳ್ಬೇಡ. ನೀನು ಸ್ಲೈಡ್ ತರೋಕೆ ಹೋಗಿದ್ದಾಗ್ಲೇ ಅವ್ರು ಕೇಳಿದ್ರು, ಮಾತ್ರೆ ಏನಾದ್ರೂ ತಗೊಂಡ್ರಾ ಅಂತ. ಫೋಲಿಕ್ ಆಸಿಡ್, ಯಾರನ್ನೂ ಕೇಳ್ದೆ ನಾನೇ ಅಂಗಡಿಯಿಂದ ತಂದು ನುಂಗಿದೆ ಅಂದೆ. ಬರ್ಕೊಂಡಿದ್ದಾರೆ."

"ಯಾಕೆ ಹಾಗಂದ್ರಿ?"

"ಲ್ಯಾಬಿನವಳು ಚೀಟಿ ಇಲ್ದೆ ಮಾತ್ರೆ ಕೊಟ್ಳು ಅಂದ್ರೆ ನಿನ್ ಕೆಲ್ಸ ಉಳೀತಿತ್ತಾ?" ಎಂದರು. ಸಿಟ್ಟಿರಲಿಲ್ಲ. "ಆಗ ನಂಗೆ ಅದೊಂದು ದೊಡ್ಡ ವಿಷ್ಯ ಅಂತ್ಲೂ ಗೊತ್ತಿರ್ಲಿಲ್ಲ. ಗೊತ್ತಾದ ಮೇಲೂ ತಿದ್ಲಿಲ್ಲ. ಬಿಡು."

ನನಗೆ ಕಣ್ಣು ಕಾಣಿಸಲಿಲ್ಲ. ಅವರ ಕೋಟು ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತೆ. ಅತ್ತಿಗೆ ನನ್ನ ತಲೆಯ ಮೇಲೆ ಕೈಯಿಟ್ಟು ಕಾದರು. ಆಮೇಲೆ ತಮ್ಮ ಎದೆಯ ಮೇಲೆ ಬೆರಳಾಡಿಸಿದರು, ಗುಂಡಿಗಳ ಮೇಲೆ, ಹಾಕದೆ ಬಿಟ್ಟ ಕಾಜಗಳ ಮೇಲೆ, ಮತ್ತೆ ಗುಂಡಿಗಳ ಮೇಲೆ.

"ಹೊತ್ತಾಯ್ತು ಕಣೇ" ಎಂದರು. "ಎಲ್ಲ ಹಾಕಿ ಆಯ್ತಾ?"